ಗೇಟು ಮುಚ್ಚುವ ಮೊದಲಿನ ಒಂದು ಗಂಟೆ

ಸಂಪಾದಕರಿಗೆ ನಮಸ್ಕಾರ.

ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರ ನಿಷೇಧ ಇರಬೇಕೋ, ಸಡಿಲವಾಗಬೇಕೋ ಎಂಬ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರಗಳನ್ನೆಲ್ಲ ಓದಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗಿನ ಮಾತನ್ನೇ ಆಡಿದ್ದಾರೆ. ಆ ಒಂಬತ್ತಕ್ಕೆ ಮೊದಲಿನ ಒಂದು ಗಂಟೆಯಲ್ಲಿ ಆ ರಸ್ತೆಯ ಮೇಲೆ ಏನಾಗುತ್ತಿದೆ ಎಂದು ಯಾರೂ ಬರೆಯಲಿಲ್ಲ. ಅದನ್ನು ನಾನೇ ಬರೆಯಬೇಕು ಅನ್ನಿಸಿತು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ದಾಟಿ ಕೋಳಿಕ್ಕೋಡಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಕಾರಿ ಲಾರಿ ಓಡಿಸಿದವನು ನಾನು. ಹದಿನೇಳನೇ ವಯಸ್ಸಿಗೆ ಕ್ಲೀನರ್ ಆಗಿ ಹತ್ತಿದೆ, ಲೈಸೆನ್ಸ್ ಬಂದ ಮೇಲೆ ಸ್ಟೇರಿಂಗ್ ಹಿಡಿದೆ, ಸೊಂಟ ನೋವು ಕೂರಲು ಬಿಡದಾದಾಗ 2019ರಲ್ಲಿ ಇಳಿದೆ. ಈಗ ಮನೆಯಲ್ಲಿದ್ದೇನೆ.

ಈ ದಾರಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮೈಸೂರಿನಿಂದ ಬಂದ ರಸ್ತೆ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರದ ಮೇಲೆ ಊಟಿಗೆ ಹೋಗುತ್ತದೆ. ಇನ್ನೊಂದು ಮದ್ದೂರು (ಮಂಡ್ಯದ ಮದ್ದೂರಲ್ಲ, ನಮ್ಮ ಕಾಡಂಚಿನದು), ಮೂಲೆಹೊಳೆ ದಾಟಿ ಕೇರಳಕ್ಕೆ ಹೋಗುತ್ತದೆ. ಈ ಎರಡನೆಯದನ್ನು ನಾವು 212 ಎಂದು ಕರೆಯುತ್ತಿದ್ದೆವು. ಈಗ ಹೆದ್ದಾರಿ ಸಂಖ್ಯೆ ಬದಲಾಗಿ 766 ಆಗಿದೆ. ಮದ್ದೂರಿನಿಂದ ಮೂಲೆಹೊಳೆಯವರೆಗೆ ಸುಮಾರು 20 ಕಿ.ಮೀ. ದೂರ ಎರಡೂ ಬದಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಹೊಳೆ ದಾಟಿದ ಮೇಲೆ ಮುತ್ತಂಗದ ಕಾಡು, ಅದೂ ವಯನಾಡ್ ವನ್ಯಜೀವಿ ಧಾಮವೇ. ಗಡಿ ಎನ್ನುವುದು ನಮಗೆ, ಟ್ಯಾಕ್ಸ್ ಚೀಟಿಗೆ. ಆನೆಗೆ ಅದು ಒಂದೇ ಕಾಡು.

2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರ ನಿಲ್ಲಿಸಿ ಆದೇಶ ಹೊರಡಿಸಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು, ನಾವು ಲಾರಿಯವರು ಮಂಡಿಯಲ್ಲಿ ಸಿಹಿ ಹಂಚಿಕೊಂಡೆವು. ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು, ನಿಷೇಧ ಮತ್ತೆ ಬಂತು, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಎರಡೂ ರಾಜ್ಯಗಳ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳು, ಆಂಬುಲೆನ್ಸ್‌ನಂಥ ತುರ್ತು ವಾಹನಗಳು ಮಾತ್ರ ಆಮೇಲೆ ಹೋಗುತ್ತವೆ. ನಾವು ಹೊರಡುವ ಹೊತ್ತನ್ನು ಹಿಂದಕ್ಕೆ ತಂದುಕೊಂಡೆವು. ಊರು ಉಪವಾಸ ಬೀಳಲಿಲ್ಲ, ಕೋಳಿಕ್ಕೋಡಿನ ಮಾರುಕಟ್ಟೆಗೆ ಬೀನ್ಸ್ ತಲುಪದೆ ಉಳಿಯಲಿಲ್ಲ. ನನ್ನ ಸಿಟ್ಟು ಇಳಿಯಲು ಎರಡು ವರ್ಷ ಬೇಕಾಯಿತು. ಇಳಿಸಿದ್ದು ಬೆಳಗಿನ ರಸ್ತೆ. ಮೊದಲೆಲ್ಲ ಬೆಳಿಗ್ಗೆ ಖಾಲಿ ಲಾರಿಯಲ್ಲಿ ಹಿಂದಿರುಗುವಾಗ ಮೂಲೆಹೊಳೆಯಿಂದ ಮದ್ದೂರಿಗೆ ಬರುವಷ್ಟರಲ್ಲಿ ಟಾರಿನ ಮೇಲೆ ಅಂಟಿದ್ದನ್ನು ಎಣಿಸಬಹುದಿತ್ತು. ಒಂದು ಮೊಲ, ಒಂದು ಪುನುಗು ಬೆಕ್ಕು, ಎರಡು ನತ್ತಿಂಗ ಹಕ್ಕಿ, ರಾತ್ರಿ ಬಿಸಿ ಟಾರಿನ ಮೇಲೆ ಮೈ ಕಾಯಿಸಿಕೊಳ್ಳಲು ಬಂದು ಮಲಗಿದ್ದ ಹಾವು. ನಿಷೇಧ ಬಂದ ಮೇಲೆ ಎಷ್ಟೋ ಬೆಳಿಗ್ಗೆ ಆ ರಸ್ತೆ ತೊಳೆದಿಟ್ಟ ಹಾಗೆ ಇರುತ್ತಿತ್ತು. ಲೆಕ್ಕ ಬರೆದಿಟ್ಟವನಲ್ಲ ನಾನು. ಆದರೆ ಒಂದೇ ರಸ್ತೆಯನ್ನು ಸಾವಿರ ಬೆಳಗು ಕಂಡ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ನಿಷೇಧ ತೆಗೆಯಬೇಕು ಎನ್ನುವವರ ಜೊತೆ ನಾನಿಲ್ಲ.

ಆದರೆ ಗೇಟು ಬಿದ್ದರೆ ಕೆಲಸ ಮುಗಿಯಿತು ಎಂದುಕೊಳ್ಳುವವರ ಜೊತೆಗೂ ನಾನಿಲ್ಲ. ಕಾರಣ ಹೇಳುತ್ತೇನೆ.

ಕಳೆದ ತಿಂಗಳು ಬತ್ತೇರಿಯಲ್ಲಿ ನನ್ನ ಹಳೆಯ ಜೊತೆಗಾರನ ಮಗಳ ಮದುವೆಗೆ ಹೋಗಿದ್ದೆವು. ಅಳಿಯನ ಕಾರು, ಅವನೇ ಓಡಿಸುತ್ತಿದ್ದ. ಹೊರಡುವುದು ತಡವಾಯಿತು. ಮೂಲೆಹೊಳೆ ಗೇಟಿಗೆ ಬರುವಾಗ ಎಂಟೂವರೆ ಆಗಿತ್ತು. ನಮ್ಮ ಹಿಂದೆ ಹತ್ತು ಹನ್ನೆರಡು ಕಾರು, ಎರಡು ಮೂರು ಪ್ರವಾಸಿ ವ್ಯಾನು, ನನ್ನ ಕಾಲದ್ದೇ ತರಕಾರಿ ಗಾಡಿಗಳು. ಗೇಟು ದಾಟಿದ್ದೇ ತಡ, ಓಟದ ಪಂದ್ಯಕ್ಕೆ ಸೀಟಿ ಊದಿದಂತಾಯಿತು. ಒಂಬತ್ತರೊಳಗೆ ಆಚೆ ಮುಟ್ಟಲೇಬೇಕು ಎಂಬ ಅವಸರ ಒಬ್ಬೊಬ್ಬರಿಗೂ. ಕೆಲವರಿಗೆ ಮದ್ದೂರಿನ ಗೇಟೂ ಮುಚ್ಚಿ ತಾವು ನಡುಕಾಡಿನಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಭಯ. ಒಳಗೆ ಬಂದವರನ್ನು ಯಾರೂ ಕಾಡಿನಲ್ಲಿ ಬಿಟ್ಟುಬಿಡುವುದಿಲ್ಲ, ಆದರೆ ಹೊಸಬರಿಗೆ ಅದು ತಿಳಿಯದು. ನಾನು ಅಳಿಯನಿಗೆ, ‘ನಲವತ್ತು ದಾಟಿಸಬೇಡಪ್ಪ’ ಎಂದೆ. ಹಿಂದಿನ ಗಾಡಿಗಳು ಬ್ರೈಟ್ ಹೊಡೆದವು, ಹಾರ್ನ್ ಹೊಡೆದವು. ‘ಮಾವ, ಪಕ್ಕಕ್ಕೆ ಬಿಟ್ಟುಕೊಡಲೇ?’ ಎಂದ. ಬಿಡು ಎಂದೆ. ಒಂದರ ಹಿಂದೆ ಒಂದು ನಮ್ಮನ್ನು ದಾಟಿ ಹೋದವು. ಹಂಪ್ ಬಂದಾಗ ಮಾತ್ರ ಕೆಂಪು ದೀಪ ಹತ್ತುತ್ತಿತ್ತು, ಹಂಪ್ ಇಳಿದೊಡನೆ ಇನ್ನಷ್ಟು ಜೋರು.

ಒಂದು ತಿರುವು ಕಳೆದಾಗ, ನಮ್ಮನ್ನು ದಾಟಿದ ಕಾರುಗಳಲ್ಲೊಂದು ನಿಂತಿತ್ತು. ರಸ್ತೆಯಂಚಿನಲ್ಲಿ ಚುಕ್ಕೆ ಜಿಂಕೆ, ಕೊಂಬಿನ ಮೇಲೆ ಇನ್ನೂ ತೊಗಲು ಮುಚ್ಚಿದ್ದ ಎಳೆಯ ಗಂಡು. ಹಿಂಗಾಲು ಎರಡೂ ಹೋಗಿದ್ದವು. ಮುಂಗಾಲಿನಲ್ಲಿ ಏಳಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳಲು ನೋಡುತ್ತಿತ್ತು. ಕಾರಿನಿಂದ ಇಳಿದ ಇಬ್ಬರು ಹುಡುಗರು ಮೊಬೈಲ್ ದೀಪ ಹಿಡಿದು ಬಂಪರನ್ನು ನೋಡುತ್ತಿದ್ದರು. ಜಿಂಕೆಯತ್ತ ಬೆಳಕು ಬೀಳಲಿಲ್ಲ. ಕಾಡಿನಲ್ಲಿ ಇಳಿಯಬಾರದೆಂಬ ನಿಯಮ ನನಗೆ ಗೊತ್ತು. ಕಿಟಕಿ ಇಳಿಸಿ, ‘ಮುಂದಿನ ಗೇಟಿನಲ್ಲಿ ಹೇಳಿ ಹೋಗಿ, ಅವರು ಜೀಪು ಕಳಿಸುತ್ತಾರೆ’ ಎಂದೆ. ‘ಹೇಳಿದರೆ ಗಾಡಿ ಹಿಡಿದು ಹಾಕುತ್ತಾರೆ ಅಂಕಲ್’ ಎಂದು ಹತ್ತಿ ಹೊರಟರು. ಗೇಟಿನಲ್ಲಿ ನಾವೇ ಇಳಿದು ಹೇಳಿದೆವು. ಸಿಬ್ಬಂದಿ ಆ ಕ್ಷಣವೇ ಜೀಪು ತೆಗೆದರು. ಆ ಜಿಂಕೆ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಹುಡುಗರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಅವರು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

2004ರ ಫೆಬ್ರುವರಿ. ರಾತ್ರಿ ಗೇಟು ಬೀಳುವುದು, ನಿಷೇಧ ಯಾವುದೂ ಇಲ್ಲದ ಕಾಲ. ಟೊಮೆಟೊ ಮತ್ತು ಬೀಟ್‌ರೂಟ್ ಲೋಡು. ಬೆಳಗಿನ ಐದಕ್ಕೆ ಕೋಳಿಕ್ಕೋಡಿನಲ್ಲಿ ಇಳಿಸಬೇಕು, ಮುಂದೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಬೇರೆ ಇದೆ. ಮದ್ದೂರು ದಾಟುವಾಗ ಹನ್ನೆರಡೂವರೆ. ಬೇಸಿಗೆ ಹತ್ತಿರವಾಗಿ ಎಲೆಯೆಲ್ಲ ಉದುರಿತ್ತು, ನೀರು ಹುಡುಕಿಕೊಂಡು ಪ್ರಾಣಿಗಳು ರಸ್ತೆ ದಾಟುವ ಕಾಲ. ದೂರದಲ್ಲಿ ಒಂದು ಕಡವೆ ಬಲದಿಂದ ಎಡಕ್ಕೆ ದಾಟಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಅದು ಪೂರ್ತಿ ದಾಟಿ ಹೋದದ್ದು ನೋಡಿ ಕಾಲು ತೆಗೆದು ಆಕ್ಸಿಲರೇಟರ್ ಒತ್ತಿದೆ. ದಾಟಿತಲ್ಲ, ಇನ್ನೇನು ಎಂದು. ಹಿಂದೆಯೇ ಇನ್ನೊಂದು ಬಂತು. ಅದು ಬೆಳಕಿಗೆ ಎದುರಾಗಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು.

ಅದರ ಸದ್ದು ಹೇಗಿತ್ತೆಂದು ಬರೆಯುವುದಿಲ್ಲ. ಕ್ಲೀನರ್ ಹುಡುಗ ‘ಅಣ್ಣಾ, ನಿಲ್ಲಿಸಿ’ ಎಂದು ಕೂಗಿದ. ನಾನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಅದು ಎಡಗಡೆಯ ಪೊದೆಯತ್ತ ಮೈ ಎಳೆದುಕೊಂಡು ಹೋಗುವುದು ಕಂಡಿತು. ಎದ್ದು ಹೋಯಿತಲ್ಲ, ಬದುಕುತ್ತದೆ ಎಂದು ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮೂಲೆಹೊಳೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಚೀಟಿ ತೋರಿಸಿದಾಗ ಅಲ್ಲಿದ್ದವರು ‘ಏನಾದರೂ ಕಂಡಿತೇ?’ ಎಂದು ಎಂದಿನಂತೆ ಕೇಳಿದರು. ಇಲ್ಲ ಎಂದೆ. ಮುಂದೆ ಹೋಗಿ, ಕುಡಿಯುವ ನೀರಿನ ಕ್ಯಾನಿನಿಂದ ಬಂಪರ್ ತೊಳೆದೆ.

ಮರುದಿನ ಮಧ್ಯಾಹ್ನ ಹಿಂದಿರುಗುವಾಗ ಅದೇ ಜಾಗದಲ್ಲಿ ಇಲಾಖೆಯ ಜೀಪು ನಿಂತಿತ್ತು. ಲಾರಿ ನಿಧಾನ ಮಾಡಿದೆ. ಅಲ್ಲಿ ಜೇನುಕುರುಬ ಸಮುದಾಯದ ಒಬ್ಬ ಹಿರಿಯ ವಾಚರ್ ನಿಂತಿದ್ದರು, ಮುಖಪರಿಚಯವಿದ್ದವರು. ಏನಾಯಿತು ಯಜಮಾನರೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ನೆಲ ತೋರಿಸಿದರು. ರಸ್ತೆಯಿಂದ ಲಂಟಾನಾ ಪೊದೆಯವರೆಗೆ ಎಳೆದ ಗುರುತು. ಪೊದೆಯ ಬುಡದಲ್ಲಿ ಗೊರಸು ಕೆರೆದು ಕೆರೆದು ಅರ್ಧಚಂದ್ರದ ಹಾಗೆ ಮಣ್ಣು ಎದ್ದಿತ್ತು. ‘ಬೆಳಗಾಗುವವರೆಗೆ ಜೀವ ಇತ್ತು. ಇಷ್ಟು ಮಣ್ಣು ಕೆರೆಯಬೇಕಾದರೆ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ’ ಎಂದರು. ಹೊಟ್ಟೆಯ ಒಳಗೆ ಒಡೆದಿತ್ತಂತೆ. ರಾತ್ರಿಯೇ ಯಾರಾದರೂ ಒಂದು ಮಾತು ಹೇಳಿದ್ದರೆ ಡಾಕ್ಟರನ್ನು ಕರೆಸುತ್ತಿದ್ದೆವು, ಉಳಿಯುತ್ತಿತ್ತೋ ಇಲ್ಲವೋ, ಇಷ್ಟು ಹೊತ್ತು ನರಳುತ್ತಿರಲಿಲ್ಲ ಎಂದರು. ನಾನು ಗೇರು ಹಾಕಿಕೊಂಡು ಬಂದುಬಿಟ್ಟೆ. ಆ ಹಿರಿಯರು ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ಗೊತ್ತಾಗಿತ್ತು ಎಂದೇ ನನಗೆ ಈಗ ಅನ್ನಿಸುತ್ತದೆ. ತೊಳೆದ ಬಂಪರಿನ ಸಂದಿಯಲ್ಲಿ ಕೂದಲು ಸಿಕ್ಕಿಕೊಂಡಿದ್ದನ್ನು ನಾನು ಮನೆಗೆ ಬಂದ ಮೇಲೆ ನೋಡಿದೆ.

ಚಾಲಕರ ಮೇಲಿನ ಜವಾಬ್ದಾರಿ ಎಂದರೆ ಮೊದಲನೆಯದು ಇದು. ತಗುಲಿದ ಮೇಲೆ ಹೇಳುವುದು. ರಸ್ತೆಯ ಮೇಲೆ ಸತ್ತು ಬಿದ್ದದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಪೆಟ್ಟು ತಿಂದು ಪೊದೆ ಸೇರಿ ಸತ್ತದ್ದನ್ನು ಯಾರೂ ಎಣಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ರಕರಣ ಆಗುತ್ತದೆ, ಗಾಡಿ ಜಪ್ತಿಯಾಗುತ್ತದೆ ಎಂಬ ಭಯ ನಿಜವಾದದ್ದೇ. ಆದರೆ ಆ ಭಯಕ್ಕೆ ಹೆದರಿ ಒಂದು ಜೀವವನ್ನು ಇಡೀ ರಾತ್ರಿ ಮಣ್ಣು ಕೆರೆಯಲು ಬಿಡುವುದು ಮನುಷ್ಯರು ಮಾಡುವ ಕೆಲಸವಲ್ಲ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಸಿಕ್ಕ ಕಡೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು, ಸಿಗದಿದ್ದರೆ ಮುಂದಿನ ಗೇಟು ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಎಷ್ಟನೇ ಕಿ.ಮೀ. ಕಲ್ಲಿನ ಹತ್ತಿರ ಎಂದು ನೆನಪಿಟ್ಟುಕೊಂಡು ಹೇಳಬೇಕು. ‘ಅಲ್ಲೆಲ್ಲೋ ಹಿಂದೆ’ ಎಂದರೆ ಕತ್ತಲಲ್ಲಿ ಅವರು ಹುಡುಕುವುದು ಎಲ್ಲಿ?

ತಗುಲದಂತೆ ಓಡಿಸುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ನನ್ನ ಮಗಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ಕೇಳಿದ್ದಕ್ಕೆ ಒಂದು ಹಾಳೆಯಲ್ಲಿ ಲೆಕ್ಕ ಮಾಡಿಕೊಟ್ಟಳು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣಿಗೆ ಕಂಡದ್ದು ಕಾಲಿಗೆ ತಿಳಿಯಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಮುಟ್ಟುವ ಮೊದಲೇ 33 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 36 ಮೀಟರ್. ಹತ್ತಿರ ಹತ್ತಿರ 70 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ನಮಗೆ ಚೆನ್ನಾಗಿ ಕಾಣುವುದು ಅಷ್ಟು ದೂರವಿಲ್ಲ. ಅಂದರೆ ಕಾಣುವ ಹೊತ್ತಿಗೇ ತಡವಾಗಿರುತ್ತದೆ. ಅದೇ ಕಾರು 40ರಲ್ಲಿದ್ದರೆ ಒಟ್ಟು 26 ಮೀಟರ್‌ಗೆ ನಿಲ್ಲುತ್ತದೆ. ವೇಗ ಅರ್ಧವಾದರೆ ನಿಲ್ಲುವ ದೂರ ಅರ್ಧಕ್ಕಿಂತಲೂ ಎಷ್ಟೋ ಕಡಿಮೆಯಾಗುತ್ತದೆ ಎಂದು ಅವಳು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. ಲೋಡಾದ ಲಾರಿಗೆ ಈ ಲೆಕ್ಕ ಸಾಲದು, ಇನ್ನೂ ಹೆಚ್ಚು ಬೇಕು. ಮಳೆ ಬಿದ್ದ ರಸ್ತೆಗೆ ಮತ್ತೂ ಹೆಚ್ಚು.

80ಕ್ಕೂ 40ಕ್ಕೂ ಆ 20 ಕಿ.ಮೀ. ದಾರಿಯಲ್ಲಿ ಆಗುವ ವ್ಯತ್ಯಾಸ ಹದಿನೈದು ನಿಮಿಷ. ಹಂಪ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಷ್ಟೂ ಉಳಿಯುವುದಿಲ್ಲ. ನಾನು ಆ ರಾತ್ರಿ ಉಳಿಸಲು ಹೊರಟದ್ದು ಅಷ್ಟನ್ನೇ.

ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ, ಅವನ್ನು ರಸ್ತೆಯೇ ಕಲಿಸಿತು. ಒಂದು ದಾಟಿತು ಎಂದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿಯಬೇಕು. ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಆನೆ, ಯಾವುದಾದರೂ ಸರಿ. ತಾಯಿ ದಾಟಿದ ಮೇಲೆ ಮರಿ ಈಚೆ ಉಳಿದು ಹಿಂದೆ ಮುಂದೆ ನೋಡುತ್ತಿರುತ್ತದೆ. ಮೊದಲನೆಯದನ್ನು ಕಂಡ ಕೂಡಲೇ ನಿಲ್ಲಿಸಿ, ಬ್ರೈಟ್ ಇಳಿಸಿ, ಹಾರ್ನ್ ಮುಟ್ಟದೆ, ಒಂದು ನಿಮಿಷ ಸುಮ್ಮನೆ ಕೂತರೆ ಅವು ತಾವಾಗಿಯೇ ಹೋಗುತ್ತವೆ. ಕಣ್ಣಿಗೆ ಬ್ರೈಟ್ ಬಿದ್ದರೆ ಜಿಂಕೆಗೆ ಏನೂ ಕಾಣದು, ಅದು ಕಲ್ಲಾಗಿ ನಿಲ್ಲುತ್ತದೆ. ನಿಂತ ಜಿಂಕೆಯನ್ನು ಹೆದರಿಸಿ ಓಡಿಸಲು ಹಾರ್ನ್ ಹೊಡೆದರೆ ಯಾವ ಕಡೆಗೆ ಜಿಗಿಯುತ್ತದೆಂದು ಬ್ರಹ್ಮನಿಗೂ ತಿಳಿಯದು. ರಸ್ತೆಯ ಎರಡೂ ಬದಿಯಲ್ಲಿ ಪೊದೆ ಸವರಿ ಬಯಲು ಮಾಡಿರುತ್ತಾರಲ್ಲ, ನಮಗೆ ದೂರದವರೆಗೆ ಕಾಣಲಿ ಎಂದು, ಮೊದಲ ಮಳೆಗೆ ಎಳೆ ಹುಲ್ಲು ಏಳುವುದು ಅಲ್ಲೇ. ಜಿಂಕೆಗಳು ಹಿಂಡುಗಟ್ಟಿ ರಾತ್ರಿ ಮಲಗುವುದೂ ಅಲ್ಲೇ, ಹುಲಿ ಚಿರತೆ ಬಂದರೆ ದೂರದಿಂದ ಕಾಣುತ್ತದೆಂದು. ಹುಲಿಯಿಂದ ತಪ್ಪಿಸಿಕೊಳ್ಳಲು ಬಯಲಿಗೆ ಬಂದ ಪ್ರಾಣಿ ನಮ್ಮ ಚಕ್ರಕ್ಕೆ ಸಿಗುತ್ತದೆ.

ಆನೆಯ ಮಾತು ಬೇರೆ. ಜಿಂಕೆಯ ಕಣ್ಣು ಬೆಳಕಿಗೆ ಹೊಳೆಯುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಮಣ್ಣು ಎರಚಿಕೊಂಡ ಆನೆ ಕತ್ತಲಲ್ಲಿ ಕತ್ತಲೇ. ಡಿಮ್ ಲೈಟಿನ ಬೆಳಕು ಅದರ ಕಾಲಿಗೆ ಬೀಳುತ್ತದೆ, ಮರದ ಬೊಡ್ಡೆ ಎಂದು ನಾವು ಮೋಸ ಹೋಗುತ್ತೇವೆ. ಹಿಂಡು ದಾಟುವಾಗ ನಡುವೆ ಗಾಡಿ ನುಗ್ಗಿಸಿ ಹಿಂಡನ್ನು ಎರಡು ಪಾಲು ಮಾಡಿದರೆ, ಈಚೆ ಉಳಿದ ಮರಿಗಾಗಿ ತಾಯಿ ಏನು ಬೇಕಾದರೂ ಮಾಡುತ್ತದೆ. ಆಗ ಆನೆ ಅಟ್ಟಿಸಿಕೊಂಡು ಬಂತು ಎಂಬ ವಿಡಿಯೊ ಊರೆಲ್ಲ ಹರಿದಾಡುತ್ತದೆ, ಅದಕ್ಕೆ ಮೊದಲು ನಾವೇನು ಮಾಡಿದೆವು ಎಂಬುದು ಆ ವಿಡಿಯೊದಲ್ಲಿ ಇರುವುದಿಲ್ಲ.

ಹಾಗಂತ ಇದು 766 ಒಂದರದೇ ಕಥೆಯಲ್ಲ. ರಾತ್ರಿ ಈ ದಾರಿ ಮುಚ್ಚಿದಾಗ ಪರ್ಯಾಯವೆಂದು ತೋರಿಸುವುದು ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿಯನ್ನು. ಅದೂ ನಾಗರಹೊಳೆಯ ಅಂಚಿನಲ್ಲೇ ಹೋಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಮತ್ತಿಗೋಡು ಶಿಬಿರದ ರಂಗ ಎಂಬ ಆನೆ ಬಸ್ಸು ಡಿಕ್ಕಿ ಹೊಡೆದು ಸತ್ತದ್ದು ಆ ರಸ್ತೆಯಲ್ಲಿ. ಗೇಟಿಲ್ಲದ ರಸ್ತೆಯಲ್ಲಿ ಚಾಲಕನ ಕಾಲೇ ಗೇಟು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಆಸನೂರಿನ ಆಸುಪಾಸು, ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆ ಬದಿಯಲ್ಲಿ ಕಾದು ನಿಲ್ಲುವುದನ್ನು ನಾನೇ ನೋಡಿದ್ದೇನೆ. ಅವು ಹಾಗೆ ನಿಲ್ಲಲು ಕಲಿತದ್ದು ನಮ್ಮಿಂದ. ಎತ್ತರ ಮೀರಿದ ಲೋಡನ್ನು ಇಳಿಸಲು ಚೆಕ್‌ಪೋಸ್ಟಿನ ಹತ್ತಿರ ಕಬ್ಬು ಎಳೆದು ಎಸೆದವರು ಕೆಲವರು, ಪ್ರೀತಿಯಿಂದಲೇ ಎರಡು ಜಲ್ಲೆ ಎಸೆದವರು ಕೆಲವರು. ಮಂಗಗಳಿಗೆ ಚಿಪ್ಸು, ಕಡಲೆಕಾಯಿ ಎಸೆಯುವ ಪ್ರವಾಸಿಗಳಿಗೂ ಇದೇ ಮಾತು. ಎಸೆದವರ ಕಾರು ಮುಂದೆ ಹೋಗುತ್ತದೆ. ಟಾರಿನ ಮೇಲೆ ಬಿದ್ದದ್ದನ್ನು ಆರಿಸಲು ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಕೂತ ತಾಯಿಯ ಮೇಲೆ ಹಿಂದಿನ ಕಾರು ಹೋಗುತ್ತದೆ.

ಇನ್ನು ನಾನು ಗಟ್ಟಿಯಾಗಿ ಹೇಳಲೇಬೇಕಾದದ್ದು ಸ್ಟೇರಿಂಗ್ ಹಿಡಿಯದೆ ಗಾಡಿ ಓಡಿಸುವವರ ಬಗ್ಗೆ. ಚಾಲಕನ ಕಾಲನ್ನು ಒತ್ತುವವರು ಊರಿನಲ್ಲಿ ಕೂತಿರುತ್ತಾರೆ. ನಮ್ಮ ತೆರಕಣಾಂಬಿ, ಗುಂಡ್ಲುಪೇಟೆಯ ಮಾರುಕಟ್ಟೆಗಳಲ್ಲಿ ತರಕಾರಿ ಹರಾಜಾಗಿ, ತೂಕವಾಗಿ, ಕ್ರೇಟು ತುಂಬಿ, ಲೋಡಾಗುವುದು ಎಷ್ಟು ಹೊತ್ತಿಗೆ ಎಂಬುದು ಚಾಲಕನ ಕೈಯಲ್ಲಿಲ್ಲ. ಸಂಜೆ ಐದಕ್ಕೆ ಹೊರಡಬೇಕಾದ ಗಾಡಿ ಏಳೂವರೆಗೆ ಹೊರಡುತ್ತದೆ. ‘ಒಂಬತ್ತರೊಳಗೆ ದಾಟಿಕೊಳ್ಳಪ್ಪ, ನಿನಗೇನು ಹೊಸದೇ’ ಎಂದು ಬೆನ್ನು ತಟ್ಟುತ್ತಾರೆ. ದಾಟದೆ ಗೇಟಿನಲ್ಲಿ ಉಳಿದರೆ ಮಾರುಕಟ್ಟೆ ತಪ್ಪುತ್ತದೆ, ಟೊಮೆಟೊ ದರ ಬಿದ್ದರೆ ಭತ್ಯೆಗೆ ಕತ್ತರಿ. ನಾನು ದುಡಿದ ಮಾಲೀಕರು ಕೆಟ್ಟವರಲ್ಲ, ನನ್ನ ಮಗಳ ಓದಿಗೆ ಸಾಲ ಕೊಟ್ಟವರು. ಆದರೂ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಯಾವ ಮಾಲೀಕರೂ, ‘ತಡವಾಯಿತು, ಇವತ್ತು ಹೋಗಬೇಡ, ನಷ್ಟ ನನ್ನದು’ ಎಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ರೆಸಾರ್ಟಿನಿಂದ ಪ್ರವಾಸಿಗಳನ್ನು ಕರೆತರುವ ಟ್ಯಾಕ್ಸಿ ಹುಡುಗರ ಪಾಡೂ ಇದೇ. ಕಾರಿನಲ್ಲಿ ಕೂತವರು ಊಟ ಮುಗಿಸಿ ಏಳುವುದು ಏಳೂವರೆಗೆ, ಬಯ್ಯುವುದು ಚಾಲಕನನ್ನು. ಲೋಡು ಏಳಕ್ಕೆ ಗುಂಡ್ಲುಪೇಟೆ ಬಿಡದಿದ್ದರೆ ಆ ದಿನ ಬಿಡುವುದೇ ಬೇಡ ಎಂದು ಮಂಡಿಯವರೆಲ್ಲ ಕೂತು ಒಂದು ಕಟ್ಟುಪಾಡು ಮಾಡಿಕೊಂಡರೆ ಯಾರಿಗೂ ಯಾರ ಮೇಲೂ ಪೈಪೋಟಿ ಇರುವುದಿಲ್ಲ. ಎಲ್ಲರೂ ತಡವಾದರೆ ಯಾರ ಮಾರುಕಟ್ಟೆಯೂ ತಪ್ಪುವುದಿಲ್ಲ.

ಅರಣ್ಯ ಇಲಾಖೆಗೆ ನನ್ನದೊಂದೇ ಕೋರಿಕೆ. ಮದ್ದೂರು, ಮೂಲೆಹೊಳೆ ಎರಡೂ ಗೇಟುಗಳಲ್ಲಿ ಪ್ರತಿ ಗಾಡಿಗೂ ಹೊತ್ತು ಬರೆದ ಚೀಟಿ ಕೊಡಿ. ಕಂಪ್ಯೂಟರ್, ಕ್ಯಾಮೆರಾ ಬರುವವರೆಗೆ ಕಾಯುವುದು ಬೇಡ, ಒಂದು ಪುಸ್ತಕ, ಒಂದು ಗೋಡೆ ಗಡಿಯಾರ ಸಾಕು. ಈ ಗೇಟಿನಲ್ಲಿ 8.20 ಎಂದು ಬರೆದುಕೊಟ್ಟ ಗಾಡಿ ಆ ಗೇಟಿನಲ್ಲಿ 8.50ಕ್ಕಿಂತ ಮೊದಲು ಕಂಡರೆ ಅದು 40 ಮೀರಿದೆ ಎಂದೇ ಅರ್ಥ, ದಂಡ ಹಾಕಿ. ಆಚೆ ಗೇಟಿನಲ್ಲಿ ಹೇಗೂ ಸಿಕ್ಕಿಬೀಳುತ್ತೇವೆ ಎಂದು ಗೊತ್ತಾದರೆ ಯಾವ ಚಾಲಕನೂ ನಡುವೆ ಓಡಿಸುವುದಿಲ್ಲ. ಹಂಪ್ ಮಾಡಲಾಗದ ಕೆಲಸವನ್ನು ಆ ಚೀಟಿ ಮಾಡುತ್ತದೆ, ಏಕೆಂದರೆ ಹಂಪ್ ಇರುವುದು ಹಂಪ್ ಇರುವಲ್ಲಿ ಮಾತ್ರ. ಚೀಟಿಯ ಹಿಂಬದಿಯಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಎರಡು ಸಾಲು ಅಚ್ಚು ಹಾಕಿಸಿ: ಒಳಗೆ ಬಂದವರಿಗೆ ಆಚೆ ಗೇಟು ಮುಚ್ಚುವುದಿಲ್ಲ, ಅವಸರ ಬೇಡ, ಪ್ರಾಣಿಗೆ ತಗುಲಿದರೆ ಅಥವಾ ತಗುಲಿದ್ದು ಕಂಡರೆ ಗೇಟಿನಲ್ಲಿ ಹೇಳಿ. ತಾನಾಗಿ ಬಂದು ಹೇಳಿದವನಿಗೂ, ಬಚ್ಚಿಟ್ಟು ಸಿಕ್ಕಿಬಿದ್ದವನಿಗೂ ವ್ಯತ್ಯಾಸ ತೋರಿಸಲು ಕಾನೂನಿನಲ್ಲಿ ದಾರಿ ಇದ್ದರೆ ಅದನ್ನು ಬಲ್ಲವರು ಯೋಚಿಸಲಿ. ಆ ದಾರಿ ಇದ್ದಿದ್ದರೆ 2004ರಲ್ಲಿ ನಾನು ಬಾಯಿ ಬಿಡುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಿಡುತ್ತಿದ್ದೆ ಎಂದು ಖಚಿತವಾಗಿ ಹೇಳಲಾರೆ. ಆ ಕಾರಿನ ಹುಡುಗರು ಬಿಡಬಹುದಿತ್ತೇನೋ.

ಸಿಬ್ಬಂದಿ ಸಾಲದು ಎಂಬ ಉತ್ತರ ಬರುತ್ತದೆ, ಅದು ಸುಳ್ಳಲ್ಲ. ಗೇಟಿನಲ್ಲಿರುವವರು ಬೆಂಕಿ ಕಾಲಕ್ಕೆ ಬೆಂಕಿ ನೋಡಬೇಕು, ಊರಿಗೆ ಆನೆ ಬಂದರೆ ಆನೆ ನೋಡಬೇಕು. ಅದಕ್ಕೆ ಹೇಳುತ್ತಿದ್ದೇನೆ: ಇಲಾಖೆ ಒಪ್ಪಿದರೆ ಸಂಜೆ ಏಳರಿಂದ ಒಂಬತ್ತರವರೆಗೆ ಮದ್ದೂರು ಗೇಟಿನಲ್ಲಿ ಕೂತು ಚೀಟಿ ಬರೆದುಕೊಡಲು ನಾನು ಸಿದ್ಧ. ಸಂಬಳ ಬೇಡ. ನನ್ನ ಜೊತೆ ಓಡಿಸುತ್ತಿದ್ದ, ಈಗ ಮನೆಯಲ್ಲಿರುವ ಇನ್ನೂ ಮೂವರನ್ನು ಕೇಳಿದ್ದೇನೆ, ಸರದಿಯ ಮೇಲೆ ಬರುತ್ತೇವೆ ಎಂದಿದ್ದಾರೆ. ನಮಗೆಲ್ಲ ಮಲಯಾಳಂ ಬರುತ್ತದೆ, ಬಂಪರ್ ನೋಡಿದರೆ ಏನಾಗಿದೆ ಎಂದು ತಿಳಿಯುತ್ತದೆ. ಕೂರಲು ಒಂದು ಬೆಂಚು, ಒಂದು ಟಾರ್ಚು ಕೊಟ್ಟರೆ ಸಾಕು. ಈ ಪತ್ರದ ಪ್ರತಿಯೊಂದನ್ನು ಬಂಡೀಪುರದ ಕಚೇರಿಗೂ ಅಂಚೆಯಲ್ಲಿ ಕಳಿಸಿದ್ದೇನೆ.

ಇಂತಿ ನಮಸ್ಕಾರಗಳು,
ಒಬ್ಬ ನಿವೃತ್ತ ಲಾರಿ ಚಾಲಕ,
ಗುಂಡ್ಲುಪೇಟೆ